ನಾಲ್ಕು ಬಣ್ಣದ ಬುಟ್ಟಿಗಳು

ಆಸ್ಪತ್ರೆಯ ಹಜಾರದಲ್ಲಿ ಸಾಲಾಗಿ ನಿಂತ ಬಣ್ಣಬಣ್ಣದ ಬುಟ್ಟಿಗಳನ್ನು ವಾಚಕರು ಕಂಡಿರಬಹುದು. ಅವು ಅಲಂಕಾರಕ್ಕಲ್ಲ, 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿರ್ವಹಣಾ ನಿಯಮಗಳ ಆಜ್ಞೆ. ರಕ್ತ ಮೆತ್ತಿದ ಹತ್ತಿ ಹಳದಿಗೆ. ಬಳಸಿದ ಪ್ಲಾಸ್ಟಿಕ್ ನಳಿಗೆ ಕೆಂಪಿಗೆ. ಗಾಜಿನ ಸೀಸೆ ನೀಲಿಗೆ. ಸೂಜಿಗೆ ಮಾತ್ರ ಚುಚ್ಚಿದರೂ ತೂತಾಗದ ಬಿಳಿಯ ಡಬ್ಬವೇ ಬೇಕು.

ಇಷ್ಟು ಬಿಗಿ ಏಕೆಂದು ಕೇಳುವವರುಂಟು. ದಾದಿಯೊಬ್ಬಳು ಅವಸರದಲ್ಲಿ ಹಳದಿ ಚೀಲಕ್ಕೆ ಎಸೆದ ಸೂಜಿ, ಮರುದಿನ ಆ ಚೀಲವನ್ನು ಹೊರುವವನ ಅಂಗೈಯನ್ನು ಹೊಕ್ಕೀತು. ಅದರೊಡನೆ ಹೆಪಟೈಟಿಸ್ ಬಿ ರೋಗವೂ ಹೊಕ್ಕೀತು. ಆದ್ದರಿಂದಲೇ ತ್ಯಾಜ್ಯವನ್ನು ಮುಟ್ಟುವ ನೌಕರರಿಗೆಲ್ಲ ಆ ರೋಗದ ಲಸಿಕೆಯನ್ನೂ ತರಬೇತಿಯನ್ನೂ ಕೊಡಿಸುವ ಹೊಣೆಯನ್ನು ನಿಯಮವು ಆಸ್ಪತ್ರೆಯ ಮೇಲೆ ಹೊರಿಸಿದೆ.

ಎನ್.ಎ.ಬಿ.ಎಚ್. ಮಾನ್ಯತೆಯನ್ನು ಬಯಸುವ ಆಸ್ಪತ್ರೆಗೆ ಬರುವ ಪರೀಕ್ಷಕರು ಕಡತಗಳನ್ನಷ್ಟೇ ನೋಡಿ ಹಿಂದಿರುಗುವುದಿಲ್ಲ. ವಾರ್ಡಿನ ನೌಕರರನ್ನೂ ಪ್ರಶ್ನಿಸುತ್ತಾರೆ. ಒಳ್ಳೆಯದೇ ಆಯಿತು. ತಪಾಸಣೆಯ ಹಿಂದಿನ ರಾತ್ರಿ ಒಂದೇ ಲೇಖನಿಯಿಂದ ಮೂರು ತಿಂಗಳ ರಿಜಿಸ್ಟರನ್ನು ತುಂಬುವ ವಿದ್ಯೆ ನಮ್ಮವರಿಗೆ ಕರಗತವಲ್ಲವೇ! (ಕಾಲೇಜುಗಳೂ ಇದರಲ್ಲಿ ಹಿಂದುಳಿದಿಲ್ಲ.) ಆದರೆ ಸೂಜಿ ಯಾವ ಡಬ್ಬಕ್ಕೆ ಸೇರಬೇಕೆಂದು ಗುಡಿಸುವಾಕೆಯನ್ನು ಕೇಳಿದಾಗ ಉತ್ತರ ಬರೆದುಕೊಡಲು ಗುಮಾಸ್ತ ಪಕ್ಕದಲ್ಲಿರುವುದಿಲ್ಲ. ಸೂಜಿ ಚುಚ್ಚಿದ ಅಪಘಾತವನ್ನು ವರದಿ ಮಾಡಬೇಕೆಂಬುದೂ ನಿಯಮವೇ; ಯಾರಲ್ಲಿ ಹೇಳಿಕೊಳ್ಳಬೇಕೆಂದು ಆಕೆಗೆ ತಿಳಿಸಿದವರು ಎಷ್ಟು ಮಂದಿಯೋ!