ವಿಮೆಯೋ, ವಿಂಗಡಣೆಯೋ?

ಆರೋಗ್ಯ ವಿಮೆಯ ಮಾತು ಬಂದಾಗಲೆಲ್ಲ ನಮ್ಮ ಪುಟ್ಟೇನಹಳ್ಳಿಯ ಸುಶಿಕ್ಷಿತರು ಎರಡು ಪಕ್ಷವಾಗುತ್ತಾರೆ. ಸರ್ಕಾರ ಕೈಯಿಟ್ಟ ಕೆಲಸ ಎಂದಾದರೂ ಉದ್ಧಾರವಾದದ್ದುಂಟೇ, ಖಾಸಗಿ ಕಂಪನಿಯೇ ಲೇಸು ಎನ್ನುತ್ತದೆ ಒಂದು ಪಕ್ಷ. ಎಲ್ಲವನ್ನೂ ಸರ್ಕಾರವೇ ಕೊಡಲಿ ಎನ್ನುತ್ತದೆ ಇನ್ನೊಂದು; ಹಾಗೆನ್ನುವವರ ಜೇಬಿನಲ್ಲಿಯೂ ಇರುವುದು ಖಾಸಗಿ ಕಂಪನಿಯ ಕಾರ್ಡೇ. ನನ್ನ ತಕರಾರು ಮೂಲಕ್ಕೇ ಸಂಬಂಧಿಸಿದ್ದು. ನಾವು ಹಣ ತೆತ್ತು ಕೊಳ್ಳುತ್ತಿರುವುದು ವಿಮೆಯೇ ಅಲ್ಲ, ವಿಂಗಡಣೆ.

ವಿಮೆಯೆಂದರೇನು? ಹತ್ತು ಜನರ ಕಡ್ಡಿ ಒಬ್ಬನ ತಲೆಹೊರೆ ಎಂಬ ಗಾದೆಯಲ್ಲಿಯೇ ಅದರ ಅರ್ಥವೆಲ್ಲ ಅಡಗಿದೆ. ಯಾರಿಗೆ ಯಾವಾಗ ಕಾಯಿಲೆ ಬಂದೀತೆಂದು ತಿಳಿಯದ ಕಾರಣ ಎಲ್ಲರೂ ಒಂದಿಷ್ಟು ಕೊಡುತ್ತಾರೆ. ಬಿದ್ದವನನ್ನು ಆ ಹಣ ಎತ್ತುತ್ತದೆ. ಆದರೆ ಕಂಪನಿಯವರು ಮೊದಲು ಕೇಳುವ ಪ್ರಶ್ನೆ ಯಾವುದು? ವಯಸ್ಸೆಷ್ಟು, ಸಕ್ಕರೆ ಕಾಯಿಲೆಯುಂಟೇ, ರಕ್ತದೊತ್ತಡವುಂಟೇ? ಉಂಟಾದರೆ ಆ ಕಾಯಿಲೆಗೆ ಮೂರು ವರ್ಷದವರೆಗೂ ಕಾಯಿಸಬಹುದು. ಮೂವತ್ತರ ತರುಣನನ್ನು ಕೈಹಿಡಿದು ಕರೆಯುತ್ತಾರೆ. ಅವನೇ ಅರವತ್ತೈದಾಗಿ ಎದೆ ಹಿಡಿದುಕೊಂಡು ಬಂದರೆ ಪ್ರೀಮಿಯಂ ಗಗನಕ್ಕೇರಿರುತ್ತದೆ. ಬಿಸಿಲಿನಲ್ಲಿ ಕೊಡೆ ಕೊಟ್ಟು ಮಳೆಯಲ್ಲಿ ಕಿತ್ತುಕೊಳ್ಳುವ ವ್ಯಾಪಾರ ಇದು.

ಇದು ಹೊಟ್ಟೆಯುರಿಯ ಮಾತಲ್ಲ. ಹಿರಿಯರ ಪ್ರೀಮಿಯಮನ್ನು ವರ್ಷಕ್ಕೆ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಏರಿಸುವ ಮುನ್ನ ತನ್ನನ್ನು ಕೇಳಬೇಕೆಂದು 2025ರ ಜನವರಿಯಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರವೇ ಆಜ್ಞೆ ಹೊರಡಿಸಬೇಕಾಯಿತು. ಹತ್ತು ಹತ್ತರಂತೆ ಏರಿದರೂ ಎಂಟು ವರ್ಷಕ್ಕೆ ಇಮ್ಮಡಿ ದಾಟುತ್ತದೆ. ಅಷ್ಟರಲ್ಲಿ ಯಾರ ಉಳಿತಾಯ ಇಮ್ಮಡಿಯಾದೀತು? ಅದೇ ವರ್ಷದ ಸೆಪ್ಟೆಂಬರಿನಲ್ಲಿ ವೈಯಕ್ತಿಕ ಪಾಲಿಸಿಗಳ ಮೇಲಿನ ನೂರಕ್ಕೆ 18ರ ತೆರಿಗೆ ಹೋಯಿತು. ಒಳ್ಳೆಯದೇ. ಆದರೆ ಹೋದದ್ದು ತೆರಿಗೆ, ವಿಂಗಡಣೆಯಲ್ಲ.

ಲೆಕ್ಕವನ್ನೂ ನೋಡೋಣ. ಆರೋಗ್ಯ ವಿಮೆಯನ್ನೇ ಕಸುಬಾಗಿಸಿಕೊಂಡ ಖಾಸಗಿ ಕಂಪನಿಗಳು 2023–24ರಲ್ಲಿ ಪ್ರೀಮಿಯಮ್ಮಿನ ಪ್ರತಿ ನೂರು ರೂಪಾಯಿಗೆ ಸುಮಾರು 65 ರೂಪಾಯಿಯನ್ನು ಕ್ಲೇಮುಗಳಿಗೆ ವೆಚ್ಚ ಮಾಡಿದವು. ಸರ್ಕಾರಿ ವಿಮಾ ಕಂಪನಿಗಳದು ನೂರನ್ನೂ ಮೀರಿತು. ಸಂಸ್ಥೆಗಳ ಸಾಮೂಹಿಕ ಪಾಲಿಸಿಗಳನ್ನು ಅಗ್ಗಕ್ಕೆ ಕೊಟ್ಟು ಕೈ ಸುಟ್ಟುಕೊಂಡವು ಎನ್ನುವಿರಾ? ಅದರಲ್ಲಿ ನಿಜವಿದೆ. ಆದರೂ ಉಳಿದ ಮೂವತ್ತೈದು ರೂಪಾಯಿ ಜಾಹೀರಾತಿಗೆ, ಏಜೆಂಟರ ಕಮಿಷನ್ನಿಗೆ, ಕಚೇರಿಗೆ, ಲಾಭಕ್ಕೆ ಹಂಚಿಹೋಗುವುದೂ ಅಷ್ಟೇ ನಿಜ.

ಈಗ ನಮ್ಮ ಏಳನೇ ಹಂತದ ಯಾವುದಾದರೊಂದು ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಬೆಳಗ್ಗೆ ನಿಂತು ನೋಡಿ. ಕಾವಲುಗಾರನಿಗೆ ಏಜೆನ್ಸಿಯವರು ನಿಯಮದಂತೆ ನಡೆದುಕೊಂಡಿದ್ದರೆ ಇ.ಎಸ್.ಐ. ಇರುತ್ತದೆ. 2019ರಲ್ಲಿ ಗೊತ್ತಾದ ದರದಂತೆ ಅವನ ಪಾಲು ಸಂಬಳದ ನೂರಕ್ಕೆ ಮುಕ್ಕಾಲು, ಮಾಲೀಕನದು ಮೂರೂಕಾಲು. ಅಲ್ಲಿ ವಂತಿಗೆ ಸಂಬಳ ನೋಡಿ, ಚಿಕಿತ್ಸೆ ಕಾಯಿಲೆ ನೋಡಿ. ಆದರೆ 2017ರಲ್ಲಿ ಗೊತ್ತುಮಾಡಿದ ಮಿತಿ 21,000 ರೂಪಾಯಿ. ಅದನ್ನು ದಾಟಿದ ಸಂಬಳಗಾರ ಹೊರಗೆ. ಮನೆಗೆಲಸದಾಕೆಯ ಬಳಿ ಬಿ.ಪಿ.ಎಲ್. ಚೀಟಿಯಿದ್ದರೆ, 2018ರಲ್ಲಿ ಆಯುಷ್ಮಾನ್ ಭಾರತದೊಡನೆ ಸೇರಿದ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದ ರಕ್ಷಣೆ. ಅದೇ ಯೋಜನೆ ಎ.ಪಿ.ಎಲ್. ಕುಟುಂಬಕ್ಕೆ ಕೊಡಲು ಒಪ್ಪಿದ್ದು ಪ್ಯಾಕೇಜ್ ದರದ ನೂರಕ್ಕೆ 30 ಮಾತ್ರ. ಉಳಿದ ಎಪ್ಪತ್ತಕ್ಕೆ ಮನೆಯೊಡತಿ ಕಂಪನಿಯ ಬಾಗಿಲು ತಟ್ಟುತ್ತಾಳೆ. ಒಂದೇ ಗೇಟು, ಮೂರು ವಿಮೆ. ಒಬ್ಬರ ಕಡ್ಡಿ ಇನ್ನೊಬ್ಬರ ಹೊರೆಗೆ ಒದಗುವುದಿಲ್ಲ.

ಇದಕ್ಕೆ ಬೇರೆ ದಾರಿಯಿಲ್ಲವೇ? ಕರ್ನಾಟಕವೇ ತೋರಿಸಿಕೊಟ್ಟಿದೆ. 2003ರಲ್ಲಿ ಚಿಕಿತ್ಸೆ ಆರಂಭಿಸಿದ ಯಶಸ್ವಿನಿ ಯೋಜನೆಯಲ್ಲಿ ಸಹಕಾರ ಸಂಘದ ರೈತ ವರ್ಷಕ್ಕೆ 60 ರೂಪಾಯಿ ಕೊಟ್ಟು ಶಸ್ತ್ರಚಿಕಿತ್ಸೆಯ ರಕ್ಷಣೆ ಪಡೆದ. ಇಪ್ಪತ್ತೈದರ ಮಗನಿಗೂ ಎಪ್ಪತ್ತರ ತಂದೆಗೂ ಅದೇ ಅರವತ್ತು. ಕೊರತೆಗೆ ಸರ್ಕಾರ ಕೈಗೂಡಿಸಿತು. 2018ರಲ್ಲಿ ಅದನ್ನು ಆರೋಗ್ಯ ಕರ್ನಾಟಕದಲ್ಲಿ ಕರಗಿಸಿದರು. ರೈತರ ಒತ್ತಾಯದ ಮೇಲೆ 2023ರಿಂದ ಮತ್ತೆ ನಡೆಯಿತು. ಸಾಲದ ಹೊರೆಯ ರೈತನಿಂದ ಸಾಧ್ಯವಾದದ್ದು ತಿಂಗಳ ಸಂಬಳದವರಿಂದ ಸಾಧ್ಯವಿಲ್ಲವೇ?

ಸರ್ಕಾರಿ ಯೋಜನೆಯಲ್ಲಿ ಹುಳುಕಿಲ್ಲವೇ ಎಂದು ನನ್ನ ಮಿತ್ರರು ಕೇಳುತ್ತಾರೆ. ಇದೆ. ದರ ಸಾಲದೆಂದೂ ಬಾಕಿ ಬೇಗ ಬರುವುದಿಲ್ಲವೆಂದೂ ಆಸ್ಪತ್ರೆಗಳು ದೂರುತ್ತಲೇ ಇವೆ. ರೋಗಿ ಕಾಗದ ಹಿಡಿದು ಕೌಂಟರಿನಿಂದ ಕೌಂಟರಿಗೆ ಅಲೆಯುತ್ತಾನೆ. ಆದರೆ ಊರಗೌಡನ ಮಗ ಹೋಗದ ಶಾಲೆಯ ಸೂರನ್ನು ಯಾರು ರಿಪೇರಿ ಮಾಡಿಸಿಯಾರು? ಬಾಯಿದ್ದವರೆಲ್ಲ ಹೊರಗೆ ನಿಂತಿದ್ದೇವೆ. ಒಳಗಿರುವವರ ಕೂಗು ವಿಧಾನಸೌಧಕ್ಕೆ ಮುಟ್ಟುವುದಿಲ್ಲ. ನಮ್ಮಿಂದ ಸ್ವಲ್ಪ ದೂರದಲ್ಲೇ ಇರುವ ಜಯದೇವ ಹೃದ್ರೋಗ ಸಂಸ್ಥೆಯನ್ನು ನೋಡಿ. ಸರ್ಕಾರದ ಸ್ವಾಯತ್ತ ಸಂಸ್ಥೆ ಅದು. ಡಾ. ಸಿ. ಎನ್. ಮಂಜುನಾಥ್ ಅವರ ಕಾಲದಲ್ಲಿ ‘ಮೊದಲು ಚಿಕಿತ್ಸೆ, ಹಣ ಆಮೇಲೆ’ ಎಂಬುದಕ್ಕೆ ಹೆಸರಾಯಿತು. ಅಲ್ಲಿ ಬಡವನೂ ಹೋಗುತ್ತಾನೆ, ಬ್ಯಾಂಕಿನ ಮ್ಯಾನೇಜರನೂ ಹೋಗುತ್ತಾನೆ. ಇಬ್ಬರೂ ಹೋಗುವುದರಿಂದಲೇ ಅದು ಹದಗೆಡಲು ಯಾರೂ ಬಿಡುವುದಿಲ್ಲವೆಂಬುದು ನನ್ನ ನಂಬಿಕೆ. ಪುಟ್ಟೇನಹಳ್ಳಿ ಕೆರೆ ಉಳಿದದ್ದೂ ಹಾಗೆಯೇ. 2010ರಲ್ಲಿ ನೆರೆಹೊರೆಯವರು ಟ್ರಸ್ಟು ಕಟ್ಟಿಕೊಂಡು ಅದರ ಕಾಳಜಿಗೆ ನಿಂತರು. ಮನೆಗೊಂದು ತೊಟ್ಟಿ ಕಟ್ಟಿಸಿಕೊಂಡು ಸುಮ್ಮನಿದ್ದಿದ್ದರೆ ಕೆರೆ ಇರುತ್ತಿತ್ತೇ?

ನಾನು ಬೇಡುತ್ತಿರುವುದು ದಾನವಲ್ಲ, ಪ್ರವೇಶ. ರಾಜ್ಯಕ್ಕೆಲ್ಲ ಒಂದೇ ನಿಧಿಯಿರಲಿ. ಆದಾಯಕ್ಕೆ ತಕ್ಕ ವಂತಿಗೆಯನ್ನು ನಮ್ಮಿಂದ ವಸೂಲು ಮಾಡಲಿ. ಬಡವನ ಪಾಲನ್ನು ಬೊಕ್ಕಸ ಭರಿಸಲಿ. ವಯಸ್ಸನ್ನೂ ಹಳೆಯ ಕಾಯಿಲೆಯನ್ನೂ ಕೇಳುವುದು ಬೇಡ. ಅದರ ಮೇಲೆ ಪ್ರತ್ಯೇಕ ಕೊಠಡಿ, ಹವಾನಿಯಂತ್ರಣ ಬೇಕೆನ್ನುವವರು ಖಾಸಗಿ ಪಾಲಿಸಿ ಕೊಳ್ಳಲಿ, ನನ್ನ ಅಡ್ಡಿಯಿಲ್ಲ. ಸುಖ ಮಾರಾಟಕ್ಕಿರಲಿ. ಮುಂದಿನ ಚುನಾವಣೆಯಲ್ಲಿ ಮತ ಕೇಳಲು ಬಂದವರನ್ನು ರಸ್ತೆ, ಚರಂಡಿಗಳ ಜೊತೆಗೆ ಈ ಒಂದು ಪ್ರಶ್ನೆಯನ್ನೂ ಕೇಳಿ: ನಮ್ಮನ್ನು ಯಾವಾಗ ಒಳಗೆ ಸೇರಿಸಿಕೊಳ್ಳುತ್ತೀರಿ?