ಗೋಡೆ ಒಡೆಯೋಕೆ ಮುಂಚೆ ಮೀಟರ್ ಕಡೆ ನೋಡಿ

ಈ ಸಲ ಬೆಳೆ ವಿಷಯ ಅಲ್ಲ, ಮನೆ ವಿಷಯ. ಬೇಸಿಗೆ ಬಂತು ಅಂದ್ರೆ ನಮ್ಮ ಕಡೆ ಹೆಂಚಿನ ಮನೆ ಬಿಚ್ಚಿ ಮೋಲ್ಡ್ ಹಾಕಿಸೋರು, ಮುಂದಕ್ಕೆ ಶೀಟ್ ಇಳಿಸೋರು ಜಾಸ್ತಿ. ಮೊನ್ನೆ ಎರಡು ಮನೇಲಿ ನೋಡಿದೆ, ಮೇಸ್ತ್ರಿ ಮೀಟರ್ ಬೋರ್ಡ್ ಕಿತ್ತು ಬೇವಿನ ಮರಕ್ಕೆ ಕಟ್ಟಿದ್ದಾನೆ. ಅದಕ್ಕೇ ಇದನ್ನ ಬರೀತಿದೀನಿ. ಬುದ್ಧಿ ಹೇಳೋಕಲ್ಲ, ನಾನೂ ಅದೇ ತಪ್ಪು ಮಾಡಿದವನು.

ಕಾಯಿ ಸುಲಿಯೋಕೆ, ಹುಲ್ಲು ಇಡೋಕೆ ಅಂತ ಮನೆ ಮುಂದೆ ಶೀಟ್ ಹಾಕಿಸ್ದಾಗ ಮೀಟರ್ ಇದ್ದ ಗೋಡೆ ಅಡ್ಡ ಬಂತು. ಅರ್ಜಿ ಕೊಟ್ರೆ ದಿನಗಟ್ಟಲೆ ಅಲೀಬೇಕು ಅಂತ ಮೋಟರ್ ರಿಪೇರಿ ಮಾಡೋ ಹುಡುಗನ್ನ ಕರೆದೆ. ಅವನು ಟಿಸಿ ಹತ್ರ ಫ್ಯೂಸ್ ತೆಗೆದು, ಅರ್ಧ ಗಂಟೇಲಿ ಮೀಟರನ್ನ ಆ ಕಡೆ ಗೋಡೆಗೆ ಹಾಕಿದ. ಸರ್ವಿಸ್ ವೈರ್ ಸಾಲಲಿಲ್ಲ, ಜಾಯಿಂಟ್ ಹಾಕಿ ಟೇಪ್ ಸುತ್ತಿದ. 500 ರೂಪಾಯಿಗೆ ಕೆಲಸ ಮುಗೀತು ಅಂದ್ಕೊಂಡೆ. ವೈರ್ ಶೀಟಿನ ಅಂಚಿನ ಮೇಲೆ ಕೂತಿದ್ದನ್ನ ನಾನೂ ನೋಡ್ದೆ, ಅವನೂ ನೋಡ್ದ. ಇಬ್ಬರೂ ಸುಮ್ಮನಾದ್ವಿ.

ಗಾಳಿ ಬಂದಾಗೆಲ್ಲ ವೈರು ಅಂಚಿಗೆ ಉಜ್ಜಿದೆ. ಮುಂಗಾರು ಶುರುವಾದ ಒಂದು ಸಂಜೆ ನಮ್ಮ ಮನೆಯವರು ಒಣಗಿದ ಬಟ್ಟೆ ತೆಗೆಯೋಕೆ ಹೋದ್ರು. ಬಟ್ಟೆ ತಂತಿಯ ಒಂದು ತುದಿ ಶೀಟಿನ ಕಬ್ಬಿಣದ ಪೈಪಿಗೆ ಕಟ್ಟಿತ್ತು. ಕೈ ತಾಗಿದ ತಕ್ಷಣ ಯಾರೋ ಎತ್ತಿ ಎಸೆದ ಹಾಗೆ ಹಿಂದಕ್ಕೆ ಬಿದ್ರು. ಕಾಲಲ್ಲಿ ರಬ್ಬರ್ ಚಪ್ಪಲಿ ಇತ್ತು. ಅದಿಲ್ಲದಿದ್ರೆ ಏನಾಗ್ತಿತ್ತೋ, ಯೋಚನೆ ಮಾಡೋಕೂ ಭಯ.

ನಾನು ಓಡಿಹೋಗಿ ಮೇನ್ ಸ್ವಿಚ್ ಆಫ್ ಮಾಡ್ದೆ. ಟೆಸ್ಟರ್ ಇಟ್ರೆ ಪೈಪಿನಲ್ಲಿ ಕರೆಂಟ್ ಹಾಗೇ ಇದೆ! ಅವತ್ತು ಅರ್ಥವಾಗಿದ್ದು ಇದು: ಕಂಬದಿಂದ ಮೀಟರ್‌ವರೆಗಿನ ವೈರಿಗೆ ನಮ್ಮ ಮನೆ ಎಂಸಿಬಿ, ಆರ್‌ಸಿಸಿಬಿ ಯಾವುದೂ ಕಾವಲಿಲ್ಲ. ಅವೆಲ್ಲ ಮೀಟರ್ ದಾಟಿದ ಮೇಲೆ. ಹಿಂದಿರೋದು ಟಿಸಿ ಫ್ಯೂಸ್ ಒಂದೇ. ಅದು ಹತ್ತಾರು ಮನೆ ಲೋಡ್ ಹೊರೋ ದಪ್ಪ ಫ್ಯೂಸು, ಒಬ್ಬ ಮನುಷ್ಯನ ಮೈಮೇಲೆ ಹರಿಯೋ ಕರೆಂಟಿಗೆ ಸುಡಲ್ಲ. ಹಾಗಾಗಿ ಮನೆ ಒಳಗಿನ ವೈರಿಂಗಿಗಿಂತ ಈ ಹೊರಗಿನ ವೈರೇ ಅಪಾಯ. ನಾವು ಗಮನ ಕೊಡದೇ ಇರೋದೂ ಇದಕ್ಕೇ.

ಅದಕ್ಕೇ ನನ್ನ ಅಭಿಪ್ರಾಯ ಇಷ್ಟು: ಮೀಟರ್ ಶಿಫ್ಟ್ ಮನೆ ಕೆಲಸದ ಕೊನೇ ಕೆಲಸ ಅಲ್ಲ, ಮೊದಲನೇ ಕೆಲಸ. ಪಾಯ ತೆಗೆಯೋ ಮುಂಚೆ, ಗೋಡೆ ಒಡೆಯೋ ಮುಂಚೆ ಆಗಬೇಕು. ಆರ್‌ಆರ್ ನಂಬರ್, ಬಿಲ್ ಹಿಡ್ಕೊಂಡು ಸೆಕ್ಷನ್ ಆಫೀಸಲ್ಲಿ ಅರ್ಜಿ ಕೊಡಿ. ಲೈಸೆನ್ಸ್ ಇರೋ ಕಂಟ್ರಾಕ್ಟರ್ ಹತ್ರಾನೇ ಕೆಲಸ ಮಾಡಿಸಿ. ದುಡ್ಡು ಕಟ್ಟಿದ್ದಕ್ಕೆ ರಶೀದಿ ಇಸ್ಕೊಳ್ಳಿ. ಮೀಟರ್ ಇನ್ನೂ ಅಪ್ಪನ ಹೆಸರಲ್ಲಿದ್ರೆ ಹೆಸರು ಬದಲಾವಣೆ ಅರ್ಜಿಯನ್ನೂ ಜೊತೆಗೇ ಹಾಕಿ. ಶಿಫ್ಟ್ ಮಾಡಿಸಿದ್ರೆ ಗೃಹಜ್ಯೋತಿ ಹೋಗುತ್ತೆ ಅಂತ ಕೆಲವರಿಗೆ ಭಯ. ಆಮೇಲೆ ನಾನು ಸರಿಯಾಗಿ ಅರ್ಜಿ ಕೊಟ್ಟು ಮಾಡಿಸ್ದಾಗ ಆರ್‌ಆರ್ ನಂಬರ್ ಅದೇ ಉಳೀತು, ಗೃಹಜ್ಯೋತಿಯೂ ಉಳೀತು.

ಜಾಗ ಆರಿಸೋವಾಗ ನೀವೇ ನಿಂತು ನೋಡಿ. ಕಂಬದಿಂದ ನೇರ ಬರಬೇಕು. ಶೀಟಿನ ಮೇಲೆ, ಪಕ್ಕದವರ ಸೂರಿನ ಮೇಲೆ ಹಾಯಬಾರದು. ಬಚ್ಚಲ ಗೋಡೆ, ಹುಲ್ಲು ಸೌದೆ ಇಡೋ ಜಾಗ ಬೇಡ. ದಾರಿ ಅಡ್ಡ ಹಾಯೋ ವೈರ್ ನೆಲದಿಂದ 5.8 ಮೀಟರ್, ಅಂದ್ರೆ 19 ಅಡಿ ಇರಬೇಕು ಅಂತ ನಿಯಮ. ರಾಗಿ ಹುಲ್ಲು ಹೇರಿದ ಟ್ರ್ಯಾಕ್ಟರ್ ನೆನಪಿಸ್ಕೊಂಡ್ರೆ ಯಾಕೆ ಅಂತ ಗೊತ್ತಾಗುತ್ತೆ. ವೈರ್ ಜಾಯಿಂಟ್ ಇಲ್ಲದೆ ಒಂದೇ ಉದ್ದ ಇರಲಿ, ಜಿಐ ತಂತಿ ಆಸರೆ ಇರಲಿ. ಪೈಪಿನ ಬಾಯಿ ಕೆಳಗೆ ಬಾಗಿರಲಿ, ಇಲ್ಲದಿದ್ರೆ ಮಳೆ ನೀರು ವೈರ್ ಹಿಡ್ಕೊಂಡು ನೇರ ಮೀಟರಿಗೇ ಇಳಿಯುತ್ತೆ. ಇನ್ನೊಂದು, ಹಳೇ ಗೋಡೆ ಜೊತೆ ಅರ್ಥ್ ವೈರೂ ಕಿತ್ತುಹೋಗಿರುತ್ತೆ. ಹೊಸ ಅರ್ಥಿಂಗ್ ಗುಂಡಿ ಮರೀಬೇಡಿ.

"ಆಫೀಸಿಗೆ ಅಲೆಯೋರು ಯಾರು?" ಅಂತೀರಿ. ನಿಜ, ನನ್ನನ್ನೂ ಮೂರು ಸಲ ಅಲೆಸಿದ್ರು. ಶಿಫ್ಟಿಂಗ್‌ಗೆ ಏನು ಬೇಕು, ಎಷ್ಟು ಕಟ್ಟಬೇಕು, ಎಷ್ಟು ದಿನ ಅಂತ ಆಫೀಸ್ ಗೋಡೆ ಮೇಲೆ ಕನ್ನಡದಲ್ಲಿ ಒಂದು ಬೋರ್ಡ್ ಬರೆದು ಹಾಕಿದ್ರೆ ಅರ್ಧ ಜನ ಅಡ್ಡದಾರಿ ಹಿಡಿಯಲ್ಲ. ಇದನ್ನ ನಾವು ಒಟ್ಟಾಗಿ ಕೇಳಬೇಕು. ಆದ್ರೆ ಅವರು ತಡ ಮಾಡಿದ್ರು ಅಂತ ನಾವು ಸೀಲ್ ಮುಟ್ಟೋ ಹಾಗಿಲ್ಲ. 2003ರ ವಿದ್ಯುತ್ ಕಾಯ್ದೆಯಲ್ಲಿ ಮೀಟರ್ ಕೆಡಿಸೋದನ್ನ ಸೆಕ್ಷನ್ 135ರಲ್ಲಿ ಕರೆಂಟ್ ಕಳ್ಳತನದ ಜೊತೆಗೇ ಸೇರಿಸಿದ್ದಾರೆ. ನಾವು ಕಳ್ಳರಲ್ಲ, ಆದ್ರೆ ಒಡೆದ ಸೀಲ್ ನಮ್ಮ ಮನೇಲಿ ಸಿಕ್ರೆ ಉತ್ತರ ಹೇಳಬೇಕಾದವರು ನಾವೇ. ಕಿತ್ತ ಹುಡುಗ ಅಷ್ಟೊತ್ತಿಗೆ ಇನ್ನೊಬ್ಬರ ಮೋಟರ್ ಹತ್ರ ಇರ್ತಾನೆ.

ಇವತ್ತು ಸಂಜೆ ಬೆಳಕಿರೋವಾಗಲೇ ಮನೆ ಸುತ್ತ ಒಂದು ಸುತ್ತು ಬನ್ನಿ. ಸರ್ವಿಸ್ ವೈರ್ ಎಲ್ಲಾದ್ರೂ ಶೀಟಿಗೆ, ಕಬ್ಬಿಣಕ್ಕೆ, ಕೊಂಬೆಗೆ ತಾಗ್ತಿದೆಯಾ ನೋಡಿ. ತಾಗ್ತಿದ್ರೆ ನೀವು ಮುಟ್ಟಬೇಡಿ, ಕೋಲಲ್ಲೂ ಎತ್ತಬೇಡಿ. ಲೈನ್‌ಮ್ಯಾನ್‌ಗೆ ಹೇಳಿ, ಇಲ್ಲಾ 1912ಕ್ಕೆ ಫೋನ್ ಮಾಡಿ. ಬಟ್ಟೆ ತಂತಿ ಶೀಟಿನ ಪೈಪಿಗೆ ಕಟ್ಟಿದ್ರೆ, ಕರೆಂಟ್ ಇಲ್ಲ ಅಂತ ಖಾತ್ರಿ ಆದ ಮೇಲೆ ಬಿಚ್ಚಿ ಪ್ಲಾಸ್ಟಿಕ್ ಹಗ್ಗ ಕಟ್ಟಿ. ನಮ್ಮ ಮನೇಲಿ ಈಗ ಹಗ್ಗಾನೇ. ಆದ್ರೂ ಮಳೆಗಾಲದಲ್ಲಿ ಬಟ್ಟೆ ತೆಗೆಯೋಕೆ ನಮ್ಮ ಮನೆಯವರು ಚಪ್ಪಲಿ ಹಾಕದೆ ಹೋಗಲ್ಲ.