ಸಿಂಹರಾಶಿಯ ಗ್ರಹದ ಗಾಳಿ

ಏಪ್ರಿಲ್ ತಿಂಗಳ ರಾತ್ರಿ ಒಂಬತ್ತರ ಹೊತ್ತಿಗೆ ಕುರುಬರಹಳ್ಳಿಯ ಮನೆಯ ತಾರಸಿಯ ಮೇಲೆ ನಿಂತರೆ, ಬೀದಿದೀಪಗಳ ಬೆಳಕಿನ ನಡುವೆಯೂ ನೆತ್ತಿಯ ಮೇಲೆ ಮಖಾ ನಕ್ಷತ್ರ ಕಾಣುತ್ತದೆ. ಅದೇ ಸಿಂಹರಾಶಿಯಲ್ಲಿ, 124 ಜ್ಯೋತಿರ್ವರ್ಷ ದೂರದಲ್ಲಿ, ಬರಿಗಣ್ಣಿಗೆ ಕಾಣದ ಕೆ2-18 ಎಂಬ ಕೆಂಪು ಕುಬ್ಜ ನಕ್ಷತ್ರವಿದೆ. 33 ದಿನಕ್ಕೊಮ್ಮೆ ಅದನ್ನು ಸುತ್ತುವ ಗ್ರಹವೊಂದರಲ್ಲಿ ಜೀವಿಗಳಿರಬಹುದೆ ಎಂಬ ಪ್ರಶ್ನೆ 2025ರ ಏಪ್ರಿಲ್‌ನಲ್ಲಿ ಎಲ್ಲೆಡೆ ಸುದ್ದಿಯಾಯಿತು.

ಸುದ್ದಿಗೆ ಕಾರಣರಾದವರು ಕೇಂಬ್ರಿಜ್ ವಿಶ್ವವಿದ್ಯಾಲಯದ ಭಾರತೀಯ ಮೂಲದ ಖಗೋಳ ವಿಜ್ಞಾನಿ ನಿಕ್ಕು ಮಧುಸೂದನ್. ಕಾಶಿಯಲ್ಲಿ ಎಂಜಿನಿಯರಿಂಗ್ ಓದಿ, ಅಮೆರಿಕದ ಎಂಐಟಿಯಲ್ಲಿ ಡಾಕ್ಟರೇಟ್ ಪಡೆದ ಅವರು ಅಂದಿನಿಂದಲೂ ಸೌರವ್ಯೂಹದಾಚೆಯ ಗ್ರಹಗಳ ವಾತಾವರಣದ ಬೆನ್ನು ಹತ್ತಿದ್ದಾರೆ. ಹೋಗಲಾಗದ ಗ್ರಹದ ಗಾಳಿಯನ್ನು ತಿಳಿಯುವುದು ಹೇಗೆ? ಗ್ರಹ ತನ್ನ ನಕ್ಷತ್ರದ ಮುಂದೆ ಹಾದುಹೋಗುವಾಗ ಬೆಳಕಿನ ಒಂದು ಎಳೆ ಗ್ರಹದಂಚಿನ ಗಾಳಿಯಲ್ಲಿ ಸೋಸಿ ಬರುತ್ತದೆ. ಒಂದೊಂದು ಅನಿಲವೂ ತನ್ನದೇ ಆದ ಬಣ್ಣಗಳನ್ನು ನುಂಗುತ್ತದೆ. ಯಾವ ಬಣ್ಣ ಕುಂದಿದೆ ಎಂದು ನೋಡಿದರೆ ಅನಿಲದ ಗುರುತು ಸಿಗುತ್ತದೆ.

ಹೀಗೆ 2023ರಲ್ಲಿ ವೆಬ್ ದೂರದರ್ಶಕದ ನೆರವಿನಿಂದ ಮೀಥೇನ್ ಮತ್ತು ಇಂಗಾಲದ ಡೈಆಕ್ಸೈಡ್ ಪತ್ತೆಯಾದವು. 2025ರಲ್ಲಿ ಡೈಮೀಥೈಲ್ ಸಲ್ಫೈಡ್ ಅಥವಾ ಅದರ ನಂಟಿನ ಇನ್ನೊಂದು ಅನಿಲದ ಸುಳಿವು ಸಿಕ್ಕಿತೆಂದು ತಂಡ ಪ್ರಕಟಿಸಿತು. ಭೂಮಿಯ ಮೇಲೆ ಇದು ಬಹುಪಾಲು ಕಡಲಿನ ಸೂಕ್ಷ್ಮಜೀವಿಗಳಿಂದ ಹುಟ್ಟುವಂಥದು. ಆದರೆ ಜೀವವಿಲ್ಲದ ಧೂಮಕೇತುವೊಂದರಲ್ಲೂ ಅದು ಕಂಡಿದೆ. ಇನ್ನಷ್ಟು ವೀಕ್ಷಣೆ ಬೇಕೆಂದು ತಂಡವೇ ಹೇಳಿತು. ಅದೇ ಅಂಕಿಗಳನ್ನು ಮತ್ತೆ ಲೆಕ್ಕ ಹಾಕಿದ ಇತರರಿಗೆ ಸಾಕ್ಷ್ಯ ಸಾಲದೆನಿಸಿತು.

ಈ ವಿದ್ಯೆಗೆ ಇಂಥ ಏರುಪೇರು ಹೊಸದಲ್ಲ. ಇಂದು ಬೆಂಗಳೂರಿನ ಕೋರಮಂಗಲದಲ್ಲಿ ಕೇಂದ್ರ ಕಚೇರಿಯಿರುವ ಭಾರತೀಯ ಖಭೌತ ಸಂಸ್ಥೆಗೆ ತಮಿಳುನಾಡಿನ ಕಾವಲೂರಿನಲ್ಲಿ ವೀಕ್ಷಣಾಲಯವಿದೆ. 1972ರ ಜೂನ್ 7ರಂದು ಗುರುವಿನ ಚಂದ್ರ ಗ್ಯಾನಿಮೀಡ್ ನಕ್ಷತ್ರವೊಂದನ್ನು ಮರೆಮಾಡಿದಾಗ, ಅಲ್ಲಿ ಜೆ.ಸಿ. ಭಟ್ಟಾಚಾರ್ಯ ಮತ್ತು ಸಂಗಡಿಗರು ಅದನ್ನು ಅಳೆದರು. ಇಂಡೊನೇಷ್ಯಾದಿಂದಲೂ ಅಳತೆ ನಡೆಯಿತು. ಗ್ಯಾನಿಮೀಡಿಗೆ ತೆಳುವಾದ ವಾತಾವರಣವಿದೆ ಎಂದು ಅವು ಸೂಚಿಸಿದವು. 1979ರಲ್ಲಿ ಹತ್ತಿರ ಹಾದ ವಾಯೇಜರ್ ನೌಕೆ, ಅಲ್ಲಿ ವಾತಾವರಣವಿದ್ದರೂ ಅದು ಆ ಅಂದಾಜಿಗಿಂತ ತೀರಾ ಕಡಿಮೆ ಎಂದಿತು. ಕೊನೆಗೆ 1990ರ ದಶಕದಲ್ಲಿ ಹಬಲ್ ದೂರದರ್ಶಕ ಅಲ್ಲಿ ಅತಿ ವಿರಳ ಆಮ್ಲಜನಕವನ್ನು ಗುರುತಿಸಿತು.

ನಮ್ಮದೇ ಸೌರವ್ಯೂಹದ ಚಂದ್ರನೊಂದರ ಗಾಳಿ ಇತ್ಯರ್ಥವಾಗಲು ಇಪ್ಪತ್ತು ವರ್ಷಕ್ಕೂ ಹೆಚ್ಚು ಹಿಡಿಯಿತು. 124 ಜ್ಯೋತಿರ್ವರ್ಷ ಆಚೆಯ ಗ್ರಹದಲ್ಲಿ ಜೀವವಿದೆಯೆಂದೋ ಇಲ್ಲವೆಂದೋ ಈಗಲೇ ತೀರ್ಪು ಕೊಡುವುದು ದುಡುಕು. ಬೇರೆಯವರು ಬೇರೆ ಉಪಕರಣದಿಂದ ನೋಡಿದಾಗಲೂ ಅದೇ ಉತ್ತರ ಬರುವವರೆಗೆ ಕಾಯಬೇಕು.